ಬಣ್ಣ ಒಪ್ಪುವ ಪ್ಲಾಸ್ಟಿಕ್, ಬಣ್ಣ ಒಲ್ಲದ ಪ್ಲಾಸ್ಟಿಕ್

ಹುಟ್ಟುಹಬ್ಬಕ್ಕೆ ಫೋಟೊ ಇರುವ ಮಗ್, ಲಗ್ನಕ್ಕೆ ಜೋಡಿ ಹೆಸರಿನ ದಿಂಬು, ಕ್ರಿಕೆಟ್ ಟೂರ್ನಮೆಂಟ್‌ಗೆ ಹುಡುಗರ ಜರ್ಸಿ. ಇಂಥವನ್ನು ಮಾಡಿಸಲು ಈಗ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ. ಒಂದು ಇಂಕ್‌ಜೆಟ್ ಪ್ರಿಂಟರ್, ನಾಲ್ಕು ಬಾಟಲಿ ಸಬ್ಲಿಮೇಶನ್ ಇಂಕು, ಒಂದು ಕಟ್ಟು ಟ್ರಾನ್ಸ್‌ಫರ್ ಪೇಪರ್, ಒಂದು ಹೀಟ್ ಪ್ರೆಸ್ ಇದ್ದರೆ ಗದಗ ಜಿಲ್ಲೆಯ ರೋಣ, ಗಜೇಂದ್ರಗಡದ ಸ್ಟುಡಿಯೊದಲ್ಲಷ್ಟೇ ಏಕೆ, ಸವಡಿಯಂಥ ಊರಿನ ಒಂದು ಸಣ್ಣ ಮಳಿಗೆಯಲ್ಲೂ ಈ ಉದ್ಯೋಗ ಶುರು ಮಾಡಬಹುದು. ಮಷಿನ್ ತಂದು ಕೂಡಿಸಿದ ಮೇಲೆ ಗಿರಾಕಿಗಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಮಗ್ ಮ್ಯಾಲೆ ಬರತೈತಿ ಅಂದ್ರ ಈ ಪ್ಲಾಸ್ಟಿಕ್ ಡಬ್ಬಿ ಮ್ಯಾಲೆ ಯಾಕ ಬರೂದಿಲ್ಲ?”

ನ್ಯಾಯವಾದ ಪ್ರಶ್ನೆ. ಉತ್ತರ ಗೊತ್ತಿಲ್ಲದೆ ಡಬ್ಬಿಯನ್ನು ಪ್ರೆಸ್ಸಿಗೆ ಕೊಟ್ಟರೆ ಡಬ್ಬಿ ಕರಗಿ ಪ್ಲೇಟಿಗೆ ಮೆತ್ತಿಕೊಳ್ಳುತ್ತದೆ, ಗಿರಾಕಿಯ ವಸ್ತುವೂ ಹೋಗುತ್ತದೆ, ಮಷಿನ್ನೂ ಕೆಡುತ್ತದೆ. ಸಾಲ ಮಾಡಿ ಯಂತ್ರ ತರುವ ಹುಡುಗರಿಗೆ ಎಷ್ಟು ಡಿಗ್ರಿ ಇಡಬೇಕು, ಎಷ್ಟು ಸೆಕೆಂಡ್ ಒತ್ತಬೇಕು ಎಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಯಾವ ವಸ್ತು ಬಣ್ಣ ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ ಎಂದು ಹೇಳುವವರು ಕಡಿಮೆ. ಈ ಕಸುಬಿನ ಲಾಭ-ಲುಕ್ಸಾನು ನಿಂತಿರುವುದು ಮಾತ್ರ ಆ ಎರಡನೆಯ ತಿಳಿವಳಿಕೆಯ ಮೇಲೆ.

ಕಾಗದದಿಂದಲೇ ಶುರು ಮಾಡೋಣ. ಸಬ್ಲಿಮೇಶನ್ ಪೇಪರ್ ನೋಡಲು ಜೆರಾಕ್ಸ್ ಹಾಳೆಯ ಹಾಗೆಯೇ ಇರುತ್ತದೆ. ಆದರೆ ಅದರ ಒಂದು ಮೈಗೆ ತೆಳುವಾದ ಲೇಪನವಿರುತ್ತದೆ. ಇಂಕಿನಲ್ಲಿರುವ ನೀರನ್ನು ಕಾಗದ ಹೀರಿಕೊಳ್ಳಬೇಕು, ಬಣ್ಣದ ಕಣಗಳು ಮಾತ್ರ ಮೇಲೆಯೇ ಉಳಿಯಬೇಕು. ಲೇಪನ ಮಾಡುವ ಕೆಲಸ ಅದೇ. ಜೆರಾಕ್ಸ್ ಹಾಳೆ ಬಳಸಿದರೆ ಬಣ್ಣವೂ ಒಳಗೆ ಇಳಿದುಬಿಡುತ್ತದೆ, ಬಿಸಿ ಕೊಟ್ಟಾಗ ಅರ್ಧ ಬಣ್ಣ ಕಾಗದದಲ್ಲೇ ಉಳಿಯುತ್ತದೆ. ಸರಿಯಾದ ಹಾಳೆ ಬಳಸಿದರೂ ಪ್ರಿಂಟ್ ತೆಗೆದಾಗ ಚಿತ್ರ ಮಂಕಾಗಿ ಕಾಣುತ್ತದೆ, ಹೊಸಬರು ಪ್ರಿಂಟರ್ ಕೆಟ್ಟಿದೆಯೆಂದು ಹೆದರುತ್ತಾರೆ. ಹೆದರಬೇಕಿಲ್ಲ, ನಿಜವಾದ ಬಣ್ಣ ಏಳುವುದು ಬಿಸಿ ತಾಗಿದ ಮೇಲೆಯೇ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಪ್ರಿಂಟ್ ಮಾಡಬೇಕು, ಇಲ್ಲದಿದ್ದರೆ ಹೆಸರು ಉಲ್ಟಾ ಮೂಡುತ್ತದೆ. ಈ ಕೆಲಸಕ್ಕೆ ಎಪ್ಸನ್ ಪ್ರಿಂಟರ್‌ಗಳೇ ಹೆಚ್ಚು ಬಳಕೆಯಲ್ಲಿರುವುದಕ್ಕೂ ಕಾರಣವಿದೆ. ಅವು ಇಂಕನ್ನು ಕಾಯಿಸಿ ಚಿಮ್ಮಿಸುವುದಿಲ್ಲ. ವಿದ್ಯುತ್ ತಾಗಿದರೆ ಬಾಗುವ ಪೀಜೊ ಹರಳು ಇಂಕನ್ನು ಒತ್ತಿ ಹೊರಗೆ ಹಾಕುತ್ತದೆ. ಬಿಸಿಗೆ ಹಾರುವ ಬಣ್ಣಕ್ಕೆ ಬಿಸಿ ಮಾಡದ ಪ್ರಿಂಟರ್ ಬೇಕಾಗುವುದು ಸಹಜವೇ.

ಇನ್ನು ಬಣ್ಣದ ಗುಣ. ಆರತಿ ತಟ್ಟೆಯ ಕರ್ಪೂರವನ್ನು ತೆರೆದಿಟ್ಟರೆ ನೀರಾಗದೆ ಗಾಳಿಗೆ ಹೋಗಿಬಿಡುತ್ತದೆ. ಗಟ್ಟಿ ವಸ್ತು ದ್ರವವಾಗದೆ ನೇರ ಆವಿಯಾಗುವ ಇದನ್ನೇ ಶಾಲೆಯ ವಿಜ್ಞಾನದಲ್ಲಿ ಉತ್ಪತನ ಎಂದು ಓದುತ್ತೇವೆ. ಸಬ್ಲಿಮೇಶನ್ ಇಂಕಿನಲ್ಲಿರುವ ಡಿಸ್ಪರ್ಸ್ ಬಣ್ಣಗಳಿಗೂ ಅದೇ ಗುಣವಿದೆ, ಆದರೆ ಅವಕ್ಕೆ 180ರಿಂದ 210 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿಯಲ್ಲಿ ಬಣ್ಣ ಕಾಗದ ಬಿಟ್ಟು ಆವಿಯಾಗಿ ಎದುರಿಗಿರುವ ವಸ್ತುವಿನ ಮೈಗೆ ತಾಗುತ್ತದೆ. ಎದುರಿಗೆ ಪಾಲಿಯೆಸ್ಟರ್ ಇದ್ದರೆ ಒಳಗೆ ಇಳಿಯುತ್ತದೆ. ಪಾಲಿಯೆಸ್ಟರ್‌ನ ಉದ್ದುದ್ದ ಅಣುಗಳು ತಣ್ಣಗಿದ್ದಾಗ ಬಿಗಿಯಾಗಿ ಕೂತಿರುತ್ತವೆ. 70-80 ಡಿಗ್ರಿ ದಾಟಿದ ಮೇಲೆ ಸಡಿಲಗೊಳ್ಳತೊಡಗುತ್ತವೆ, 200ರ ಹತ್ತಿರ ಬಣ್ಣದ ಅಣುಗಳಿಗೆ ನುಗ್ಗಲು ಬೇಕಾದಷ್ಟು ಜಾಗ ಬಿಡುತ್ತವೆ. ಪ್ರೆಸ್ ತೆಗೆದು ತಣ್ಣಗಾದ ಕೂಡಲೇ ಮತ್ತೆ ಬಿಗಿಯುತ್ತವೆ, ಬಣ್ಣ ಒಳಗೇ ಸಿಕ್ಕಿಬೀಳುತ್ತದೆ. ಅದಕ್ಕೇ ಸಬ್ಲಿಮೇಶನ್ ಜರ್ಸಿಯನ್ನು ಎಷ್ಟು ಒಗೆದರೂ ಚಿತ್ರ ಸಿಪ್ಪೆಯ ಹಾಗೆ ಏಳುವುದಿಲ್ಲ, ಕೈಯಾಡಿಸಿದರೆ ಅಂಟಿಸಿದ ಗುರುತೂ ಸಿಗುವುದಿಲ್ಲ.

ಇಲ್ಲಿ ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಪಾಲಿಯೆಸ್ಟರ್ ಕರಗುವುದು ಸುಮಾರು 250 ಡಿಗ್ರಿಯ ಮೇಲೆ. ಅಂದರೆ ಬಣ್ಣ ಹಾರುವ ಬಿಸಿಯಲ್ಲಿ ಅದು ಬಾಗಿಲು ತೆರೆಯುತ್ತದೆ, ಆದರೆ ಮನೆ ಬೀಳುವುದಿಲ್ಲ. ಈ ಇಡೀ ತಂತ್ರ ನಿಂತಿರುವುದು ಈ ಅಂತರದ ಮೇಲೆ. ಯಾವ ಪ್ಲಾಸ್ಟಿಕ್‌ನಲ್ಲಿ ಈ ಅಂತರವಿದೆಯೋ ಅದು ಬಣ್ಣ ಒಪ್ಪುತ್ತದೆ, ಇಲ್ಲದ್ದು ಒಲ್ಲೆ ಎನ್ನುತ್ತದೆ.

ಪಿಂಗಾಣಿ ಮಗ್ ಈ ಲೆಕ್ಕದಲ್ಲಿ ಎಲ್ಲಿ ಬಂತು? ಮಗ್ ಮೇಲಿನ ಫೋಟೊ ಕೂತಿರುವುದು ಪಿಂಗಾಣಿಯ ಮೇಲಲ್ಲ, ಪಿಂಗಾಣಿಗೆ ಹಚ್ಚಿದ ತೆಳುವಾದ ಪಾಲಿಮರ್ ಲೇಪನದೊಳಗೆ. ಅಂಗಡಿಯಲ್ಲಿ ಸಿಗುವ ಸಾದಾ ಚಹಾ ಕಪ್ಪಿಗೆ ಅದೇ ಕಾಗದ ಸುತ್ತಿ ಒತ್ತಿದರೆ ಏನೂ ಮೂಡುವುದಿಲ್ಲ, ಮೂಡಿದ್ದು ತೊಳೆದರೆ ಹೋಗುತ್ತದೆ. ಸಬ್ಲಿಮೇಶನ್ ಮಗ್ ಎಂದು ಬೇರೆಯಾಗಿ ಮಾರುವುದು ಅದಕ್ಕೇ. ಸಬ್ಲಿಮೇಶನ್‌ಗೆಂದೇ ಬರುವ ಅಲ್ಯೂಮಿನಿಯಂ ತಗಡು, ಎಂಡಿಎಫ್ ಹಲಗೆ, ಫೋಟೊ ಕಲ್ಲು, ಗಾಜಿನ ಫಲಕ ಎಲ್ಲದರ ಕಥೆಯೂ ಇದೇ. ಹತ್ತಿ ಬಟ್ಟೆಗೂ ಈ ಬಣ್ಣಕ್ಕೂ ಹೊಂದಿಕೆಯಿಲ್ಲ. ಗಜೇಂದ್ರಗಡದ ಕೈಮಗ್ಗದ ಪಟ್ಟೇದ ಅಂಚು ಹತ್ತಿ ಸೀರೆಯ ಮೇಲೆ ಈ ಕಾಗದ ಒತ್ತಿದರೆ ಚಿತ್ರ ಕಾಣಿಸೀತು, ಆದರೆ ಒಗೆತಕ್ಕೆ ನಿಲ್ಲುವುದಿಲ್ಲ. ಆ ಸೀರೆಗೆ ಬಣ್ಣ ಬರಬೇಕಾದ್ದು ನೂಲಿನಲ್ಲಿ, ಮಗ್ಗದಲ್ಲಿ.

ಈ ಬಣ್ಣಗಳು ಹುಟ್ಟಿದ್ದೇ ಕೃತಕ ನೂಲಿಗಾಗಿ. 1920ರ ದಶಕದಲ್ಲಿ ಅಸಿಟೇಟ್ ರೇಯಾನ್ ಬಂದಾಗ ಹತ್ತಿ, ಉಣ್ಣೆಯ ಹಳೆಯ ಬಣ್ಣಗಳು ಅದಕ್ಕೆ ಹತ್ತಲಿಲ್ಲ. ಆಗ ಇಂಗ್ಲೆಂಡಿನ ರಸಾಯನ ತಜ್ಞರು ನೀರಿನಲ್ಲಿ ಕರಗದೆ ನುಣ್ಣಗೆ ಹರಡಿಕೊಳ್ಳುವ ಡಿಸ್ಪರ್ಸ್ ಬಣ್ಣಗಳನ್ನು ಸಿದ್ಧಪಡಿಸಿದರು. 1941ರಲ್ಲಿ ರಸಾಯನ ತಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲು ಕಂಡುಹಿಡಿದ ಮೇಲೆ ಅದಕ್ಕೂ ಇವೇ ಬಣ್ಣ ಆಧಾರವಾದವು. ಇವು ಬಿಸಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತವೆ ಎಂಬ ಗುಣವನ್ನೇ ಮುದ್ರಣಕ್ಕೆ ಬಳಸಿಕೊಂಡ ಶ್ರೇಯಸ್ಸು ಫ್ರಾನ್ಸಿನ ನೊಯೆಲ್ ದ ಪ್ಲಾಸ್ ಅವರದು; 1957ರಲ್ಲಿ, ಜವಳಿಗೆ ಹೆಸರಾದ ರೂಬೆ ಪಟ್ಟಣದಲ್ಲಿ. ಕಾಗದದಿಂದ ಬಟ್ಟೆಗೆ ಚಿತ್ರ ದಾಟಿಸುವ ಕ್ರಮ ಅಲ್ಲಿಂದ ಬೆಳೆದು, ಕಂಪ್ಯೂಟರ್ ಪ್ರಿಂಟರ್ ಬಂದ ಮೇಲೆ ಮೇಜಿನ ಮೇಲಿನ ಉದ್ಯೋಗವಾಯಿತು.

ಈಗ ನಮ್ಮ ಮನೆಯ ಪ್ಲಾಸ್ಟಿಕ್‌ಗಳನ್ನು ಒಂದೊಂದಾಗಿ ನೋಡೋಣ. ನೀರಿನ ಕೊಡ, ಬಕೀಟು, ಎಣ್ಣೆ ಕ್ಯಾನು ಹೆಚ್ಚಾಗಿ ಪಾಲಿಥೀನ್ ಜಾತಿಯವು. 130 ಡಿಗ್ರಿಯ ಆಸುಪಾಸಿಗೆ ಕರಗುತ್ತವೆ. ಟಿಫಿನ್ ಡಬ್ಬಿ, ಕುರ್ಚಿ ಪಾಲಿಪ್ರೊಪಿಲೀನ್, 160-165ಕ್ಕೆ ಕರಗುತ್ತದೆ. ಇವೆರಡೂ ರಾಸಾಯನಿಕವಾಗಿ ಮೇಣದ ಸಂಬಂಧಿಗಳು. ಬಿಸಿ ತಡೆದುಕೊಂಡರೂ ಡಿಸ್ಪರ್ಸ್ ಬಣ್ಣವನ್ನು ಹಿಡಿದಿಡಲಾರವು. ಇಂದು ಕೂತ ಬಣ್ಣ ನಾಳೆ ಅಂಚು ಹರಡಿ, ಮುಟ್ಟಿದ ಕೈಗೆ ಹತ್ತುತ್ತದೆ. ಆಟಿಕೆ, ಸ್ವಿಚ್ ಬೋರ್ಡಿನ ಎಬಿಎಸ್ 105ರ ಸುಮಾರಿಗೆ ಮೆತ್ತಗಾಗುತ್ತದೆ. ಅಕ್ರಿಲಿಕ್ ಫಲಕವೂ ಹಾಗೆಯೇ. ಪೈಪು, ಬೋರ್ಡಿನ ಪಿವಿಸಿ 80ಕ್ಕೇ ಬಾಗುತ್ತದೆ. ನೀರಿನ ಬಾಟಲಿ ಪಾಲಿಯೆಸ್ಟರ್ ಕುಲದ್ದೇ ಆದರೂ ಊದಿ ಹಿಗ್ಗಿಸಿ ಮಾಡಿದ್ದಾದ್ದರಿಂದ ಬಿಸಿ ತಾಗಿದರೆ ಕುಗ್ಗುತ್ತದೆ; ಬಿಸಿ ಚಹಾ ಸುರಿದು ನೋಡಿದವರಿಗೆ ಅದು ಹೇಗೆ ಮುದುಡುತ್ತದೆಂದು ಗೊತ್ತು. 200 ಡಿಗ್ರಿಯ ಪ್ಲೇಟಿನ ಕೆಳಗೆ ಇವು ಯಾವುವೂ ಉಳಿಯುವುದಿಲ್ಲ.

ಯಾವುದು ಯಾವ ಪ್ಲಾಸ್ಟಿಕ್ ಎಂದು ಗುರುತಿಸಲು ಪ್ರಯೋಗಶಾಲೆ ಬೇಡ. ವಸ್ತುವನ್ನು ಬೋರಲು ಹಾಕಿ ತಳ ನೋಡಿ. ಬಾಣಗಳ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. 1 ಅಂದರೆ ಪೆಟ್ (ನೀರಿನ ಬಾಟಲಿಯ ಪಾಲಿಯೆಸ್ಟರ್), 2 ಮತ್ತು 4 ಪಾಲಿಥೀನ್, 3 ಪಿವಿಸಿ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಅಂದರೆ ಉಳಿದ ಎಲ್ಲವೂ. ಅಂಕೆ ಇಲ್ಲದಿದ್ದರೆ ಅದೇ ಪ್ಲಾಸ್ಟಿಕ್‌ನ ಉಗುರಿನಷ್ಟು ಚೂರು ಕತ್ತರಿಸಿ ಒಂದು ಲೋಟ ನೀರಿಗೆ ಹಾಕಿ, ಬೆರಳಿಂದ ಒತ್ತಿ ಮುಳುಗಿಸಿ, ಬಿಟ್ಟು ನೋಡಿ. ಮೇಲೆ ತೇಲಿಬಂದರೆ ಪಾಲಿಥೀನ್ ಇಲ್ಲವೇ ಪಾಲಿಪ್ರೊಪಿಲೀನ್. ಅವೆರಡೂ ನೀರಿಗಿಂತ ಹಗುರ. ಪೆಟ್, ಪಿವಿಸಿ, ಎಬಿಎಸ್, ಪಾಲಿಕಾರ್ಬೊನೇಟ್ ಮುಳುಗುತ್ತವೆ. ತೇಲಿದ್ದನ್ನು ಸಬ್ಲಿಮೇಶನ್ ಪ್ರೆಸ್ಸಿನ ಹತ್ತಿರ ಒಯ್ಯುವುದೇ ಬೇಡ. ಮುಳುಗಿದ್ದೆಲ್ಲ ಬಣ್ಣ ಹಿಡಿಯುತ್ತದೆ ಎಂದೂ ತಿಳಿಯಬಾರದು, ಸುಣ್ಣದಕಲ್ಲಿನ ಪುಡಿ ಬೆರೆಸಿದ ಅಗ್ಗದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದು.

ಹಾಗಾದರೆ ಬಣ್ಣ ಒಪ್ಪುವ ಪ್ಲಾಸ್ಟಿಕ್ ಯಾವುದು? ಮೊಬೈಲ್ ಕವರ್ ನೋಡಿ. ಅಂಗಡಿಯವರು 2ಡಿ ಕವರ್ ಎನ್ನುವುದರಲ್ಲಿ ಚಿತ್ರ ಮೂಡುವುದು ಲೇಪನವಿರುವ ತೆಳುವಾದ ಅಲ್ಯೂಮಿನಿಯಂ ತಗಡಿನ ಮೇಲೆ. ಅದನ್ನು ಪ್ಲಾಸ್ಟಿಕ್ ಕವರಿಗೆ ಆಮೇಲೆ ಅಂಟಿಸುತ್ತಾರೆ. 3ಡಿ ಕವರ್ ಮಾತ್ರ ಅಂಚು, ಮೂಲೆ ಸಹಿತ ಬಣ್ಣ ಹಿಡಿಯುತ್ತದೆ. ಅದು ಲೇಪನ ಹಚ್ಚಿದ ಪಾಲಿಕಾರ್ಬೊನೇಟ್. ಈ ಪ್ಲಾಸ್ಟಿಕ್ 147 ಡಿಗ್ರಿಯ ಹತ್ತಿರ ಮೆತ್ತಗಾಗುವುದರಿಂದ ಹಾಗೇ ಇಟ್ಟರೆ ಸೊಟ್ಟಗಾಗುತ್ತದೆ. ಅದಕ್ಕೇ ಕವರನ್ನು ಆಯಾ ಮೊಬೈಲ್ ಮಾದರಿಯ ಲೋಹದ ಡೈ ಮೇಲೆ ಕೂಡಿಸಿ, ಪ್ರಿಂಟ್ ಆದ ಕಾಗದವನ್ನು ಬಿಸಿ ತಾಳುವ ಟೇಪಿನಿಂದ ಬಿಗಿದು, ವ್ಯಾಕ್ಯೂಮ್ ಮಷಿನ್ನಿಗೆ ಇಡುತ್ತಾರೆ. ಗಾಳಿ ಎಳೆದಾಗ ಕಾಗದ ಎಲ್ಲ ಮೂಲೆಗೂ ಅಂಟಿಕೊಳ್ಳುತ್ತದೆ, ಡೈ ಕವರಿನ ಆಕಾರ ಕಾಯುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಬಣ್ಣದ ಆವಿ ಅಲ್ಲಿ ಹರಡಿ ಚಿತ್ರ ಮಸುಕಾಗುತ್ತದೆ. ಕಂಪ್ಯೂಟರ್ ಕೀಬೋರ್ಡಿನ ಕೆಲವು ಒಳ್ಳೆಯ ಗುಂಡಿಗಳ ಮೇಲಿನ ಅಕ್ಷರ ವರ್ಷಗಟ್ಟಲೆ ಬೆರಳು ತಾಗಿದರೂ ಅಳಿಸದಿರುವುದು ಇದೇ ಕ್ರಮದಿಂದ. ಆ ಗುಂಡಿಗಳು ಪಿಬಿಟಿ ಎಂಬ, ಪಾಲಿಯೆಸ್ಟರ್ ಕುಲದ ಪ್ಲಾಸ್ಟಿಕ್‌ನವು. ಅದು ಕರಗಲು 220 ಡಿಗ್ರಿಗೂ ಮೇಲೆ ಬೇಕು.

ಶಾಲೆಗೆ ಹೋಗುವ ಮಗುವಿನ ಕೊರಳಲ್ಲಿರುವ ಐಡಿ ಕಾರ್ಡಿನಲ್ಲಿ ಈ ವಿದ್ಯೆಯ ಎರಡು ಮುಖ ಒಟ್ಟಿಗೆ ಸಿಗುತ್ತವೆ. ಶಾಲೆಯ ಹೆಸರು ಬಣ್ಣಬಣ್ಣವಾಗಿ ಮೂಡಿರುವ ದಾರ ಪಾಲಿಯೆಸ್ಟರ್ ಪಟ್ಟಿ; ಹಲವು ಬಣ್ಣದ ಇಂಥ ದಾರ ಸಾಮಾನ್ಯವಾಗಿ ಸಬ್ಲಿಮೇಶನ್ ಕಾಗದದಿಂದಲೇ ಮುದ್ರಣವಾದದ್ದು. ಅದಕ್ಕೆ ತೂಗುವ ಕಾರ್ಡು ಪಿವಿಸಿ. 80 ಡಿಗ್ರಿಗೆ ಬಾಗುವ ಪಿವಿಸಿಗೆ ಫೋಟೊ ಹೇಗೆ ಬಂತು? ಕಾರ್ಡ್ ಪ್ರಿಂಟರ್‌ನಲ್ಲಿ ಕಾಗದದ ಬದಲು ಹಳದಿ, ಕೆಂಪು, ನೀಲಿ ಬಣ್ಣದ ರಿಬ್ಬನ್ ಇರುತ್ತದೆ. ಸಾಲುಸಾಲು ಸೂಕ್ಷ್ಮ ಕಾವಿನ ಬಿಂದುಗಳಿರುವ ಹೆಡ್ ಆ ರಿಬ್ಬನ್ನನ್ನು ಕಾರ್ಡಿಗೆ ಒತ್ತುತ್ತಾ ಸಾಗುತ್ತದೆ. ಒಂದೊಂದು ಚುಕ್ಕಿಗೆ ಬಿಸಿ ತಾಗುವುದು ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು. ಕಾರ್ಡಿನ ಮೇಲ್ಪದರ ಮಾತ್ರ ಕಾದು ಬಣ್ಣ ಹೀರುತ್ತದೆ, ಒಳಗಿನ ಪ್ಲಾಸ್ಟಿಕ್‌ಗೆ ಬಿಸಿಯ ಸುದ್ದಿಯೇ ಮುಟ್ಟುವುದಿಲ್ಲ. ಅಂದರೆ ಪಿವಿಸಿಗೆ ಬಣ್ಣದ ಮೇಲೆ ಹಗೆಯಿಲ್ಲ, ನಿಮಿಷಗಟ್ಟಲೆ ಬೀಳುವ ಬಿಸಿಯನ್ನು ಅದು ತಾಳುವುದಿಲ್ಲ ಅಷ್ಟೆ. ಎಲ್ಲ ಐಡಿ ಕಾರ್ಡೂ ಹೀಗೇ ಆಗುವುದಿಲ್ಲ. ಇಂಕ್‌ಜೆಟ್ ಪ್ರಿಂಟರಿನ ಟ್ರೇಗೆ ಲೇಪನವಿರುವ ಕಾರ್ಡ್ ಹಾಕಿ ನೇರವಾಗಿ ಮುದ್ರಿಸುವವರೂ ಬಹಳ. ಇದೇ ದಾರಿಯಲ್ಲಿ ಆಧಾರ್ ಕಾರ್ಡನ್ನೂ ಅಂಗಡಿಗಳಲ್ಲಿ ಪಿವಿಸಿಗೆ ಹಾಕಿಸುವ ರೂಢಿ ಬೆಳೆಯಿತು. ಹೊರಗಿನ ಅಂಗಡಿಯಲ್ಲಿ ಮಾಡಿಸಿದ ಪಿವಿಸಿ ಪ್ರತಿಗೆ ಯಾವ ಭದ್ರತಾ ಗುರುತೂ ಇರುವುದಿಲ್ಲ, ಅದನ್ನು ಬಳಸಬೇಡಿ ಎಂದು ಆಧಾರ್ ಪ್ರಾಧಿಕಾರವೇ 2022ರ ಜನವರಿಯಲ್ಲಿ ಹೇಳಿದೆ. ಪ್ರಾಧಿಕಾರದಿಂದಲೇ ಪಿವಿಸಿ ಕಾರ್ಡ್ ತರಿಸಿಕೊಳ್ಳುವ ವ್ಯವಸ್ಥೆ 2020ರಿಂದ ಇದೆ.

ಡಬ್ಬಿ, ಬಕೀಟು, ಕೊಡದ ಮೇಲೆ ಹೆಸರು ಬೇಕೆಂದು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬೇಕೆಂದೇನಿಲ್ಲ. ಆ ಕೆಲಸಕ್ಕೆ ಬೇರೆ ದಾರಿಗಳಿವೆ. ಒಂದು, ಹಳೆಯ ಸ್ಕ್ರೀನ್ ಪ್ರಿಂಟಿಂಗ್. ಪಾಲಿಪ್ರೊಪಿಲೀನ್‌ಗೆಂದೇ ಬರುವ ಇಂಕು ಬಳಸಿ, ಅದಕ್ಕೂ ಮೊದಲು ವಸ್ತುವಿನ ಮೈಗೆ ಗ್ಯಾಸ್ ಜ್ವಾಲೆಯನ್ನು ಕ್ಷಣ ಮಾತ್ರ ಸವರಿದರೆ ಇಂಕು ಕಚ್ಚಿಕೊಳ್ಳುತ್ತದೆ. ಮೇಣದಂಥ ಈ ಮೈ ಯಾವ ಇಂಕನ್ನೂ ತನ್ನ ಮೇಲೆ ಹರಡಲು ಬಿಡುವುದಿಲ್ಲ. ಜ್ವಾಲೆ ತಾಗಿದಾಗ ಮೇಲ್ಪದರಕ್ಕೆ ಆಮ್ಲಜನಕ ಸೇರಿ ಆ ಗುಣ ಬದಲಾಗುತ್ತದೆ. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಕರೋನಾ ಎಂಬ ವಿದ್ಯುತ್ ಕಿಡಿಯ ಉಪಚಾರ ಮಾಡುತ್ತಾರೆ. ಇನ್ನೊಂದು, ಯುವಿ ಡಿಟಿಎಫ್ ಸ್ಟಿಕರ್. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಇಂಕಿನಲ್ಲಿ ಫಿಲ್ಮ್ ಮೇಲೆ ಮುದ್ರಿಸಿ, ಒತ್ತಿ ಅಂಟಿಸಿದರೆ ಆಯಿತು, ಬಿಸಿಯೇ ಬೇಡ. ಇದರ ಮಷಿನ್ ದುಬಾರಿ, ಆದರೆ ದೊಡ್ಡ ಊರಿನಿಂದ ಶೀಟ್ ಲೆಕ್ಕದಲ್ಲಿ ಪ್ರಿಂಟ್ ಹಾಕಿಸಿ ತರಿಸಬಹುದು. ಪೇಟೆಯಲ್ಲಿ ಸಿಗುವ ಚಿತ್ರದ ಬಕೀಟುಗಳಿಗೆ ಕಾರ್ಖಾನೆಯಲ್ಲೇ ಬಿಸಿ ರೋಲರಿನಿಂದ ಫಿಲ್ಮ್ ಹಚ್ಚುತ್ತಾರೆ, ಇಲ್ಲವೇ ಅಚ್ಚಿನೊಳಗೆ ಲೇಬಲ್ ಇಟ್ಟು ಪ್ಲಾಸ್ಟಿಕ್ ತುಂಬುತ್ತಾರೆ. ಅವನ್ನು ನೋಡಿ ನಮ್ಮ ಪ್ರೆಸ್ಸಿನಲ್ಲೂ ಆಗುತ್ತದೆ ಎಂದುಕೊಳ್ಳುವುದು ತಪ್ಪು.

ಬಿಸಿ ಇಳಿಸಿ, ಹೊತ್ತು ಹೆಚ್ಚಿಸಿದರೆ ಪ್ಲಾಸ್ಟಿಕ್ ಕರಗದೆ ಬಣ್ಣ ಬಂದೀತಲ್ಲ ಎಂದು ಕೆಲವರು ಹೊಂಚುತ್ತಾರೆ. ಕಡಿಮೆ ಬಿಸಿಗೆ ಹಾರುವ ಬಣ್ಣಗಳೂ ಇವೆ, ನಿಜ. ಆದರೆ ಸುಲಭವಾಗಿ ಬಂದ ಬಣ್ಣ ಸುಲಭವಾಗಿಯೇ ಹೋಗುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಅಂಥ ಬಣ್ಣ ಪಕ್ಕದ ವಸ್ತುವಿಗೆ ದಾಟಿಕೊಳ್ಳುವ ಸಾಧ್ಯತೆ ಇದೆ. ಒಳ್ಳೆಯ ಸಬ್ಲಿಮೇಶನ್ ಮುದ್ರಣಕ್ಕೂ ನೇರ ಬಿಸಿಲು ಆಗಿಬರುವುದಿಲ್ಲ, ನೇರಳಾತೀತ ಕಿರಣ ಬಣ್ಣದ ಅಣುವನ್ನೇ ಒಡೆಯುತ್ತದೆ. ಹೊಲದ ಗೇಟಿಗೆ, ಮನೆಯ ಹೊರಗೋಡೆಗೆ ಹಾಕುವ ಫಲಕಕ್ಕೆ ಈ ಕ್ರಮ ಬೇಡ ಎಂದು ಗಿರಾಕಿಗೆ ಮೊದಲೇ ಹೇಳುವುದು ಒಳ್ಳೆಯದು. ಇನ್ನೊಂದು ಮಿತಿಯನ್ನೂ ಹೇಳಬೇಕು: ಈ ಇಂಕಿನಲ್ಲಿ ಬಿಳಿ ಬಣ್ಣವಿಲ್ಲ, ಇರುವ ಬಣ್ಣಗಳೆಲ್ಲ ಪಾರದರ್ಶಕ. ಕಪ್ಪು ಅಥವಾ ಗಾಢ ಬಣ್ಣದ ವಸ್ತುವಿನ ಮೇಲೆ ಚಿತ್ರ ಕಾಣುವುದಿಲ್ಲ. ಬಿಳಿ ಇಲ್ಲವೇ ತಿಳಿ ಬಣ್ಣದ ಮೈಯೇ ಬೇಕು.

ಎಲ್ಲಕ್ಕಿಂತ ಗಂಭೀರವಾದ ಮಾತು ಆರೋಗ್ಯದ್ದು. ಪಿವಿಸಿಯನ್ನು 180-200 ಡಿಗ್ರಿಗೆ ಕಾಯಿಸಿದರೆ ಅದು ಒಡೆಯತೊಡಗಿ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಬಿಡುತ್ತದೆ. ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಮಷಿನ್ನಿನ ಲೋಹಕ್ಕೂ ತುಕ್ಕು ಹಿಡಿಯುತ್ತದೆ. ಎಂಟು ಅಡಿ ಅಗಲದ ಮಳಿಗೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಪಕ್ಕದಲ್ಲೇ ಮಕ್ಕಳನ್ನು ಕೂಡಿಸಿಕೊಂಡು ಇಂಥ ಪ್ರಯೋಗ ಮಾಡಬಾರದು. ಯಾವ ಪ್ಲಾಸ್ಟಿಕ್ ಎಂದು ಗೊತ್ತಿಲ್ಲದ್ದನ್ನು ಪ್ರೆಸ್ಸಿಗೆ ಹಾಕಲೇಬಾರದು. ಗೊತ್ತಿರುವ ವಸ್ತುವಿಗೂ ಎಗ್ಝಾಸ್ಟ್ ಫ್ಯಾನ್ ಬೇಕೇ ಬೇಕು.

ಹಳ್ಳಿಯಲ್ಲಿ ಈ ಉದ್ಯೋಗ ಹೂಡುವವರು ಕರೆಂಟಿನ ಲೆಕ್ಕವನ್ನೂ ಹಾಕಬೇಕು. 15 ಇಂಚು ಚೌಕದ ಹೀಟ್ ಪ್ರೆಸ್ ಒಂದೂವರೆಯಿಂದ ಎರಡು ಸಾವಿರ ವ್ಯಾಟ್ ಎಳೆಯುತ್ತದೆ. ಮನೆಯ ಸಾದಾ ಇನ್ವರ್ಟರ್ ಅದನ್ನು ಹೊರಲಾರದು. ಮಗ್ ಪ್ರೆಸ್ಸಿಗೆ 300-400 ವ್ಯಾಟ್ ಸಾಕು. ವೋಲ್ಟೇಜ್ ಇಳಿದಾಗ ಪ್ಲೇಟು ಕಾಯುವುದು ತಡವಾಗುತ್ತದೆ. ಒಂದರ ಹಿಂದೊಂದು ಬಟ್ಟೆ ಒತ್ತುತ್ತಾ ಹೋದರೆ ಡಿಸ್‌ಪ್ಲೇಯಲ್ಲಿ 200 ಎಂದು ತೋರಿಸಿದರೂ ಪ್ಲೇಟಿನ ಅಂಚುಗಳಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ಲೇಟಿನ ನಾಲ್ಕು ಮೂಲೆ ಮತ್ತು ನಡುಭಾಗವನ್ನು ಆಗಾಗ ಅಳೆದು ನೋಡುವ ಅಭ್ಯಾಸ ಬಹಳ ನಷ್ಟ ತಪ್ಪಿಸುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿಕೊಂಡರೆ ಒತ್ತುವಾಗ ಹಬೆ ಎದ್ದು ಚಿತ್ರದಲ್ಲಿ ಕಲೆ ಬೀಳುತ್ತದೆ. ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಕು.

ಬಂಡವಾಳಕ್ಕೆ ಕೇಂದ್ರದ ಮುದ್ರಾ ಯೋಜನೆ ಇದೆ. 2015ರ ಏಪ್ರಿಲ್‌ನಲ್ಲಿ ಶುರುವಾದ ಈ ಯೋಜನೆಯ ಶಿಶು ವರ್ಗದಲ್ಲಿ 50 ಸಾವಿರ ರೂಪಾಯಿವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಆದರೆ ಸಾಲದಲ್ಲಿ ಮಷಿನ್ ಬರುತ್ತದೆ, ಕಸುಬು ಬರುವುದಿಲ್ಲ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಬಂದದ್ದು ಯಂತ್ರ ತಂದವರಿಂದಷ್ಟೇ ಅಲ್ಲ. ಮೊಳೆ ಜೋಡಿಸುವವರಿಂದ ಹಿಡಿದು ಟ್ರೆಡಲ್ ತುಳಿಯುವವರವರೆಗೆ ಯಾವ ಕಾಗದಕ್ಕೆ ಎಷ್ಟು ಮಸಿ, ಯಾವ ಹವೆಗೆ ಎಷ್ಟು ಒಣಗಲು ಬಿಡಬೇಕು ಎಂದು ಬಲ್ಲವರು ಅಲ್ಲಿನ ಪ್ರೆಸ್ಸುಗಳಲ್ಲಿದ್ದರು. ಲಗ್ನಪತ್ರಿಕೆ, ನೋಟ್‌ಬುಕ್, ಕ್ಯಾಲೆಂಡರ್ ನಾಡಿನ ಮೂಲೆ ಮೂಲೆಗೆ ಹೋದದ್ದು ಆ ತಿಳಿವಳಿಕೆಯ ಬಲದಿಂದ. ಈಗ ಕಾಗದದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ತಿಳಿವಳಿಕೆಯೂ ಅದಕ್ಕೆ ತಕ್ಕಂತೆ ಬೆಳೆಯಬೇಕು. ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದೇ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಇದೆ. ಅಂಥ ಸಂಸ್ಥೆಯ ತಜ್ಞರನ್ನು ಗದಗ ಜಿಲ್ಲೆಗೆ ಕರೆಸಿ, ಸ್ಟುಡಿಯೊ ಮತ್ತು ಡಿಟಿಪಿ ಅಂಗಡಿಯವರಿಗೆ ಕೆಲವು ದಿನದ ತರಬೇತಿ ಕೊಡಿಸುವುದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೊರೆಯ ಕೆಲಸವೇನಲ್ಲ. ಸಾಲ ಕೊಡುವ ಬ್ಯಾಂಕುಗಳೂ ಅಂಥ ತರಬೇತಿಗೆ ಒತ್ತಾಯ ಮಾಡಲಿ.

ಈ ಕೆಲಸಕ್ಕೆ ಕೈಹಾಕಲಿರುವ ಯುವಕ ಯುವತಿಯರಿಗೆ ಹೇಳುವುದಿಷ್ಟು. ಮೊದಲ ಆರು ತಿಂಗಳು ಪಾಲಿಯೆಸ್ಟರ್ ಬಟ್ಟೆ, ಲೇಪನವಿರುವ ಮಗ್, ತಗಡು ಇಷ್ಟಕ್ಕೇ ನಿಲ್ಲಿ, ಅದರಲ್ಲಿ ಕೈ ಪಳಗಲಿ. ಹೊಸ ಪ್ಲಾಸ್ಟಿಕ್ ವಸ್ತು ಬಂದರೆ ತಳದ ಅಂಕೆ ನೋಡಿ, ಚೂರನ್ನು ನೀರಿಗೆ ಹಾಕಿ ನೋಡಿ, ಸಬ್ಲಿಮೇಶನ್‌ಗೆಂದೇ ಮಾಡಿದ್ದೇ ಎಂದು ಮಾರಿದವರನ್ನು ಕೇಳಿ, ಆಮೇಲಷ್ಟೇ ಮುಂಗಡ ಹಿಡಿಯಿರಿ. ಆಗದ ಕೆಲಸವನ್ನು ಆಗುವುದಿಲ್ಲ ಎಂದು ಗಿರಾಕಿಗೆ ಎದುರಿಗೇ ಹೇಳಿ, ಕಾರಣವನ್ನೂ ಹೇಳಿ. ಹಾಗೆ ಹೇಳಬಲ್ಲ ಅಂಗಡಿಗೇ ಗಿರಾಕಿ ಮತ್ತೆ ಬರುತ್ತಾನೆ.